ನೆಲ ಬಿಟ್ಟ ಮೇಲಿನ ಐದು ನಿಮಿಷ

ಭೂಪಟ ಹರಡಿಕೊಂಡು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಕೇರಳದ ಕಣ್ಣೂರಿಗೆ ಒಂದು ನೇರ ಗೆರೆ ಎಳೆದು ನೋಡಿ. ಅದು ಕೆ.ಆರ್. ನಗರದ ನೆತ್ತಿಯ ಮೇಲೆ ಹಾದು, ಹುಣಸೂರು, ಪಿರಿಯಾಪಟ್ಟಣಗಳ ಆಸುಪಾಸಿನಲ್ಲೇ ಸಾಗಿ, ಕೊಡಗು ದಾಟಿ ಘಟ್ಟ ಇಳಿಯುತ್ತದೆ. ಎಚ್.ಡಿ. ಕೋಟೆಯವರಿಗೆ ಆ ಗೆರೆ ಬಡಗಣ ಆಕಾಶದಲ್ಲಿ ಬೀಳುತ್ತದೆ. ವಿಮಾನಗಳು ಸದಾ ಗೆರೆ ಹೊಡೆದಂತೆ ಹೋಗುವುದಿಲ್ಲ, ಅವಕ್ಕೆ ಅವುಗಳದೇ ವಾಯುಮಾರ್ಗಗಳಿವೆ. ಆದರೂ ನಮ್ಮ ನಾಲ್ಕು ತಾಲ್ಲೂಕುಗಳ ಆಕಾಶ ಖಾಲಿ ಇರುವುದಿಲ್ಲ ಎಂಬುದಕ್ಕೆ ಆ ಗೆರೆಯೊಂದೇ ಸಾಕು. ಗದ್ದೆಯ ಬದುವಿನ ಮೇಲೋ ತಂಬಾಕಿನ ಹೊಲದಲ್ಲೋ ನಿಂತು ತಲೆ ಎತ್ತಿದವರಿಗೆ ಕಾಣುವ ವಿಮಾನ ತನ್ನ ಪಯಣದ ನಿರಾತಂಕದ ಹಂತದಲ್ಲಿರುತ್ತದೆ. ಪೈಲಟ್‌ಗಳ ಕೈತುಂಬ ಕೆಲಸವಿದ್ದ ಗಳಿಗೆ ಅಷ್ಟರಲ್ಲಿ ಮುಗಿದು, ಹಿಂದೆ ನೂರರವತ್ತು ಕಿಲೋಮೀಟರ್ ದೂರದ ದೇವನಹಳ್ಳಿಯಲ್ಲೇ ಉಳಿದಿರುತ್ತದೆ.

ಆ ಗಳಿಗೆಯ ಬಗ್ಗೆಯೇ ಈ ಬರಹ. ಗಾಲಿಗಳು ನೆಲ ಬಿಟ್ಟ ಮೇಲಿನ ಐದಾರು ನಿಮಿಷಗಳಲ್ಲಿ ವಿಮಾನ ಎತ್ತ ತಿರುಗಬೇಕು, ಎಲ್ಲಿಯವರೆಗೆ ಏರಿ ನಿಲ್ಲಬೇಕು, ಯಾರ ಮಾತು ಕೇಳಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟ ವಿಧಾನ. ಅದನ್ನು ಪಾಲಿಸುವುದರಲ್ಲಿ ಆಗುವ ತಪ್ಪುಗಳು ಬಹುಪಾಲು ಪ್ರಯಾಣಿಕರ ಅರಿವಿಗೇ ಬರುವುದಿಲ್ಲ. ಸೀಟುಬೆಲ್ಟಿನ ದೀಪ ಆರುವುದನ್ನು ಕಾಯುತ್ತ ಕೂತವರ ಕಿಟಕಿಯಾಚೆ ದೊಡ್ಡದೊಂದು ಅನಾಹುತ ತಪ್ಪಿಹೋಗಿರಬಹುದು.

ಹಾಗೆ ತಪ್ಪಿಹೋದದ್ದು ನಮ್ಮ ರಾಜ್ಯದಲ್ಲೇ ಇದೆ. 2022ರ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನಿಂದ ಇಂಡಿಗೊ ಸಂಸ್ಥೆಯ ಎರಡು ವಿಮಾನಗಳು ಸುಮಾರು ಐದು ನಿಮಿಷದ ಅಂತರದೊಳಗೆ ಮೇಲೇರಿದವು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಎರಡರಲ್ಲೂ ಸೇರಿ ಪ್ರಯಾಣಿಕರು ಮತ್ತು ಸಿಬ್ಬಂದಿ 426 ಮಂದಿ. ಕೆಂಪೇಗೌಡ ನಿಲ್ದಾಣಕ್ಕೆ ಒಂದಕ್ಕೊಂದು ಸಮಾನಾಂತರವಾದ ಎರಡು ರನ್‌ವೇಗಳಿವೆ. 2008ರಲ್ಲಿ ನಿಲ್ದಾಣ ಶುರುವಾದಾಗಿನಿಂದ ಇರುವುದು ಉತ್ತರದ್ದು, 2019ರ ಡಿಸೆಂಬರ್‌ನಲ್ಲಿ ತೆರೆದದ್ದು ದಕ್ಷಿಣದ್ದು. ಅಂದು ಉತ್ತರದ ರನ್‌ವೇಯಿಂದ ಏರುವುದು, ದಕ್ಷಿಣದ ರನ್‌ವೇಯಲ್ಲಿ ಇಳಿಯುವುದು ಎಂಬ ಏರ್ಪಾಡು ನಡೆದಿತ್ತು. ಆಮೇಲೆ ಪಾಳಿಯ ಮುಖ್ಯಸ್ಥರು ದಕ್ಷಿಣದ ರನ್‌ವೇ ಮುಚ್ಚಿ, ಏರುವುದಕ್ಕೂ ಇಳಿಯುವುದಕ್ಕೂ ಉತ್ತರದ್ದೊಂದನ್ನೇ ಬಳಸೋಣ ಎಂದು ತೀರ್ಮಾನಿಸಿದರು. ಆ ತೀರ್ಮಾನ ದಕ್ಷಿಣದ ಟವರ್‌ನಲ್ಲಿ ಕೂತಿದ್ದ ನಿಯಂತ್ರಕರಿಗೆ ಮುಟ್ಟಲಿಲ್ಲ. ಅವರು ಕೋಲ್ಕತ್ತದ ವಿಮಾನಕ್ಕೆ ಹೊರಡಲು ಅನುಮತಿ ಕೊಟ್ಟರು. ಉತ್ತರದ ಟವರ್‌ನವರು ಭುವನೇಶ್ವರದ ವಿಮಾನಕ್ಕೆ ಕೊಟ್ಟರು. ಇಬ್ಬರ ನಡುವೆ ಮಾತುಕತೆ ಆಗಲಿಲ್ಲ.

ಮೇಲೇರಿದ ಎರಡೂ ವಿಮಾನಗಳ ದಾರಿ ಮುಂದೆ ಒಂದೇ ಕಡೆ ಕೂಡುವಂತಿತ್ತು. ರೇಡಾರ್ ಪರದೆಯ ಮುಂದಿದ್ದ ಅಪ್ರೋಚ್ ನಿಯಂತ್ರಕರ ಕಣ್ಣಿಗೆ ಅದು ಬಿತ್ತು. ಅವರು ಕೂಡಲೇ ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳಿ ತಿರುಗಿಸಿದರು. ವಿಮಾನಗಳು ತಮ್ಮ ತಮ್ಮ ಊರು ಸೇರಿದವು.

ಈ ಪ್ರಸಂಗದಲ್ಲಿ ನನ್ನನ್ನು ಕಾಡಿದ್ದು ಆಮೇಲೆ ನಡೆದದ್ದು. ಘಟನೆ ಯಾವ ದಾಖಲೆ ಪುಸ್ತಕದಲ್ಲೂ ನಮೂದಾಗಲಿಲ್ಲ, ವಿಮಾನ ನಿಲ್ದಾಣ ಪ್ರಾಧಿಕಾರ ಮೇಲಿನವರಿಗೆ ವರದಿ ಮಾಡಲಿಲ್ಲ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಅಧಿಕಾರಿಗಳು ಹೇಳಿದರು. ಜನರಿಗೆ ವಿಷಯ ತಿಳಿಯುವ ಹೊತ್ತಿಗೆ ಸುಮಾರು ಹತ್ತು ದಿನ ಕಳೆದಿತ್ತು. ಇದನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ. ಮೊದಲು ಹೊರಡುವ ವಿಧಾನ ಎಂದರೇನು ಎಂಬುದು ಬಿಡಿಸಿ ತಿಳಿಯಬೇಕು.

ಬಾಗಿಲು ಹಾಕುವ ಮೊದಲೇ ಪೈಲಟ್‌ಗಳು ನಿಯಂತ್ರಣ ಕೇಂದ್ರದಿಂದ ಒಂದು ಅನುಮತಿ ಪಡೆಯುತ್ತಾರೆ. ಯಾವ ಊರಿಗೆ, ಯಾವ ರನ್‌ವೇಯಿಂದ, ಹೊರಟ ಮೇಲೆ ಯಾವ ದಾರಿ, ಮೊದಲಿಗೆ ಎಷ್ಟು ಎತ್ತರದವರೆಗೆ, ರೇಡಾರ್‌ನಲ್ಲಿ ಗುರುತು ಹಿಡಿಯಲು ಯಾವ ನಾಲ್ಕಂಕಿಯ ಸಂಖ್ಯೆ, ಎಲ್ಲವೂ ಅದರಲ್ಲಿರುತ್ತದೆ. ಆ ದಾರಿಗೊಂದು ಅಚ್ಚಾದ ನಕ್ಷೆ ಇರುತ್ತದೆ. ಸ್ಟ್ಯಾಂಡರ್ಡ್ ಇನ್‌ಸ್ಟ್ರುಮೆಂಟ್ ಡಿಪಾರ್ಚರ್ ಎಂಬ ಉದ್ದ ಹೆಸರನ್ನು ಮೊಟಕು ಮಾಡಿ ಪೈಲಟ್‌ಗಳು ಅದನ್ನು ಸಿಡ್ ಎನ್ನುತ್ತಾರೆ. ಇಂಥ ಬಿಂದುವಿನಲ್ಲಿ ಎಡಕ್ಕೆ ತಿರುಗಿ, ಇಂಥ ಬಿಂದು ದಾಟುವಾಗ ಇಷ್ಟು ಅಡಿಗಿಂತ ಮೇಲಿರಿ, ಮತ್ತೊಂದರಲ್ಲಿ ಇಷ್ಟು ಅಡಿ ಮೀರಬೇಡಿ ಎಂಬ ಸೂಚನೆಗಳು ಅದರಲ್ಲಿ ಬರೆದಿರುತ್ತವೆ. ಬಿಂದುಗಳಿಗೆ ಐದು ಅಕ್ಷರದ ಹೆಸರುಗಳು. ಆಕಾಶದಲ್ಲಿ ಮೈಲಿಗಲ್ಲು ನೆಡಲು ಬರುವುದಿಲ್ಲವಾದ್ದರಿಂದ ಅಕ್ಷಾಂಶ ರೇಖಾಂಶಗಳನ್ನೇ ಹೀಗೆ ಹೆಸರಿಟ್ಟು ಕರೆಯುತ್ತಾರೆ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಎಂದರೆ ಮುಖ್ಯವಾಗಿ ಎರಡು ಕಾರಣ. ಒಂದು ನೆಲದ್ದು. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಉತ್ತರಕ್ಕೆ ನೋಡಿದರೆ ಚಾಮುಂಡಿ ಬೆಟ್ಟ ಕಣ್ಣಳತೆಯಲ್ಲೇ ಇದೆ. ಅದರ ತುದಿ ಸಮುದ್ರಮಟ್ಟದಿಂದ ಸುಮಾರು 3,489 ಅಡಿ, ನಿಲ್ದಾಣಕ್ಕಿಂತ ಸಾವಿರ ಅಡಿಗೂ ಹೆಚ್ಚು ಎತ್ತರ. ಬಿಸಿಲು ಚೆಲ್ಲಿದ ಮಧ್ಯಾಹ್ನ ಬೆಟ್ಟ ಯಾರಿಗೂ ತಪ್ಪಿ ಕಾಣದು. ಮಳೆಗಾಲದ ಮೋಡ ಕವಿದಾಗ, ಮಾಗಿಯ ಮಂಜು ಮುಸುಕಿದಾಗ ಅದು ಇದ್ದೂ ಇಲ್ಲದಂತೆ. ಆಗ ಕಣ್ಣಿನ ಕೆಲಸವನ್ನು ಕಾಗದದ ಮೇಲಿನ ದಾರಿ ಮಾಡಬೇಕು. ಇನ್ನೊಂದು ಕಾರಣ ಬೇರೆ ವಿಮಾನಗಳು. ದೊಡ್ಡ ನಿಲ್ದಾಣದಲ್ಲಿ ಏರುವವರೂ ಇಳಿಯುವವರೂ ನಿಮಿಷ ನಿಮಿಷಕ್ಕೆ ಇರುತ್ತಾರೆ. ಏರುವವನನ್ನು ಒಂದು ಎತ್ತರದಲ್ಲಿ ತಡೆದು, ಇಳಿಯುವವನನ್ನು ಅದಕ್ಕಿಂತ ಸಾವಿರ ಅಡಿ ಮೇಲೆ ನಿಲ್ಲಿಸಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾದುಹೋಗಬಹುದು. ಆ ಸಾವಿರ ಅಡಿಯ ಮೇಲೆ ನೂರಾರು ಜೀವಗಳು ನಿಂತಿರುತ್ತವೆ.

ನಿಯಂತ್ರಕರು ಹೇಳಿದ ಪ್ರತಿ ಸೂಚನೆಯನ್ನೂ ಪೈಲಟ್ ತನ್ನ ಬಾಯಲ್ಲಿ ತಿರುಗಿ ಒಪ್ಪಿಸಬೇಕು. ಒಪ್ಪಿಸಿದ್ದನ್ನು ನಿಯಂತ್ರಕರು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಬರೀ ‘ಸರಿ’ ಎಂದರೆ ಸಾಲದು. ಹೊರಗಿನವರಿಗೆ ಯಾಂತ್ರಿಕವೆನಿಸುವ ಈ ಒಪ್ಪಿಸುವಿಕೆಯಿಂದ ದಿನನಿತ್ಯ ಎಷ್ಟೋ ತಪ್ಪುಗಳು ಹುಟ್ಟುವಾಗಲೇ ಸಾಯುತ್ತವೆ.

ಹಾಗಾದರೂ ಪೈಲಟ್‌ಗಳು ಎಡವುವುದು ಎಲ್ಲಿ? ತನಿಖಾ ವರದಿಗಳನ್ನು ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಡವಿದವರಲ್ಲಿ ದಡ್ಡರು, ಉಡಾಫೆಯವರು ಕಡಿಮೆ. ಸಾವಿರಾರು ಗಂಟೆ ಹಾರಾಡಿದವರೇ ಹೆಚ್ಚು. ದಿನವೂ ಮಾಡುವ ಕೆಲಸದ ಸರಪಣಿ ಎಲ್ಲೋ ನಡುವೆ ತುಂಡಾಗಿರುತ್ತದೆ. ಕೊನೇ ಗಳಿಗೆಯಲ್ಲಿ ಗಾಳಿ ತಿರುಗಿ ರನ್‌ವೇ ಬದಲಾಗುತ್ತದೆ. ಕಾಕ್‌ಪಿಟ್‌ನ ಗಣಕಕ್ಕೆ ಮೊದಲು ಊಡಿಸಿದ್ದ ದಾರಿ ಅಳಿಸಿ ಹೊಸದು ಊಡಿಸಬೇಕು. ಅದೇ ಹೊತ್ತಿಗೆ ರೇಡಿಯೊದಲ್ಲಿ ಕರೆ ಬರುತ್ತದೆ, ಗಗನಸಖಿ ಇಂಟರ್‌ಕಾಮ್‌ನಲ್ಲಿ ಏನೋ ಕೇಳುತ್ತಾರೆ, ಹಿಂದಿನ ವಿಮಾನ ಕಾಯುತ್ತಿರುತ್ತದೆ. ಹೊಸ ರನ್‌ವೇ ಊಡಿಸಿದವರು ಅದಕ್ಕೆ ಹೊಂದುವ ಹೊರಡುವ ದಾರಿಯನ್ನು ಊಡಿಸಲು ಮರೆಯುತ್ತಾರೆ. ನೆಲ ಬಿಟ್ಟ ಮೇಲೆ ಆಟೊಪೈಲಟ್ ಹಳೆಯ ದಾರಿಯನ್ನೇ ನಂಬಿ ತಿರುಗುತ್ತದೆ. ಯಂತ್ರಕ್ಕೆ ಹೇಳಿದ್ದನ್ನು ಅದು ಚಾಚೂತಪ್ಪದೆ ಮಾಡುತ್ತದೆ, ಹೇಳಿದ್ದೇ ತಪ್ಪಾಗಿರುತ್ತದೆ.

ನಮ್ಮ ಕಡೆ ಬ್ಯಾರನ್‌ನಲ್ಲಿ ತಂಬಾಕು ಬೇಯಿಸುವವರಿಗೆ ಇದು ಬೇಗ ಅರ್ಥವಾದೀತು. ಎಲೆ ಹಳದಿಗೆ ತಿರುಗುವ ತನಕ ಒಂದು ಶಾಖ, ಬಣ್ಣ ನಿಲ್ಲುವ ತನಕ ಇನ್ನೊಂದು, ಕೊನೆಗೆ ದಂಟು ಒಣಗಲು ಮತ್ತೊಂದು. ಇಪ್ಪತ್ತು ವರ್ಷ ಬೇಯಿಸಿದ ಕೈಯೇ ಆದರೂ, ನಡುರಾತ್ರಿ ಯಾರೋ ಕರೆದರೆಂದು ಎದ್ದುಹೋಗಿ ಬಂದಾಗ ಒಂದು ಹಂತ ತಪ್ಪಿತೆಂದರೆ ಬ್ಯಾರನ್ನಿನ ಎಲೆಯೆಲ್ಲ ಕೆಡುತ್ತದೆ. ವಿಮಾನದಲ್ಲಿ ಅಂಥ ಹಂತಗಳು ಹತ್ತಾರು, ಸಿಗುವ ಸಮಯ ನಿಮಿಷಗಳ ಲೆಕ್ಕದ್ದು.

2017ರ ಜುಲೈ 22ರಂದು ಕೋಲ್ಕತ್ತದಿಂದ ಮುಂಬೈಗೆ ಹೊರಟ ಏರ್ ಇಂಡಿಯಾದ ಎ320 ವಿಮಾನದಲ್ಲಿ 99 ಪ್ರಯಾಣಿಕರಿದ್ದರು. ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಚಕ್ರಗಳನ್ನು ಒಳಗೆಳೆದುಕೊಳ್ಳುವುದು ಪೈಲಟ್‌ಗಳಿಗೆ ಉಸಿರಾಟದಷ್ಟೇ ಸಹಜ. ಅಂದು ಅದೇ ಮರೆತುಹೋಯಿತು. ಚಕ್ರಗಳು ಗಾಳಿಗೆ ಅಡ್ಡ ನಿಂತಿದ್ದರಿಂದ ವಿಮಾನ ಏರಲು ತಿಣುಕಿತು, ವೇಗ ಬರಲಿಲ್ಲ, ಇಂಧನ ಮಾತ್ರ ಸುರಿಯಿತು. ಮುಂಬೈ ಮುಟ್ಟುವಷ್ಟು ಇಂಧನ ಉಳಿಯದೆ ಅವರು ನಾಗಪುರದಲ್ಲಿ ಇಳಿಸಲು ಹೊರಟರು. ಇಳಿಸುವಾಗ ಚಕ್ರ ಬಿಡಬೇಕಲ್ಲ, ಬಿಡಲು ಹೋದಾಗಲೇ ಅವು ಬಿಟ್ಟೇ ಇದ್ದದ್ದು ತಿಳಿಯಿತು.

ಮರುವರ್ಷ, 2018ರ ಸೆಪ್ಟೆಂಬರ್ 20ರಂದು, ಮುಂಬೈನಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡ ಕಾಯುವ ಸ್ವಿಚ್ಚನ್ನು ಹಾಕುವುದು ಬಿಟ್ಟುಹೋಗಿತ್ತು. ವಿಮಾನ ಏರಿದಂತೆ ಒಳಗಿನ ಗಾಳಿ ತೆಳುವಾಯಿತು. ಆಮ್ಲಜನಕದ ಮುಖವಾಡಗಳು ಜೋತುಬಿದ್ದವು. ಸುಮಾರು 30 ಮಂದಿಗೆ ಮೂಗಿನಲ್ಲಿ, ಕಿವಿಯಲ್ಲಿ ರಕ್ತ ಬಂತು. ವಿಮಾನ ಮುಂಬೈಗೇ ಮರಳಿತು. ಟೇಕಾಫ್ ಆದ ಮೇಲೆ ಓದಲೇಬೇಕಾದ ಪರಿಶೀಲನಾ ಪಟ್ಟಿ ಇರುವುದು ಇಂಥ ಸ್ವಿಚ್ಚುಗಳಿಗಾಗಿಯೇ. ಬಾಯಿಪಾಠವಾದ ಪಟ್ಟಿಯನ್ನು ಓದುವಾಗ ನಾಲಿಗೆ ‘ಆನ್’ ಎನ್ನುತ್ತದೆ, ಕಣ್ಣು ಸ್ವಿಚ್ಚಿನ ಮೇಲೆ ಇರುವುದಿಲ್ಲ.

ಒಂದೇ ಒಂದು ಅಂಕಿ ತಪ್ಪಿದರೂ ಸಾಕು. 2009ರ ಮಾರ್ಚ್ 20ರ ರಾತ್ರಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ದುಬೈಗೆ ಹೊರಟಿದ್ದ ಎಮಿರೇಟ್ಸ್ ವಿಮಾನದ ತೂಕ 362.9 ಟನ್. ಲ್ಯಾಪ್‌ಟಾಪಿಗೆ ಅದನ್ನು 262.9 ಎಂದು ತುಂಬಿದರು. ನೂರು ಟನ್ ಕಡಿಮೆ ತೂಕಕ್ಕೆ ತಕ್ಕ ಶಕ್ತಿ, ತಕ್ಕ ವೇಗ ಲೆಕ್ಕವಾಗಿ ಬಂತು. ಬಾಲ ನೆಲಕ್ಕೆ ಉಜ್ಜಿ, ರನ್‌ವೇ ಮುಗಿದ ಮೇಲೆ ವಿಮಾನ ಹೇಗೋ ಗಾಳಿಗೆ ಸಿಕ್ಕಿತು. ಒಳಗಿದ್ದ 275 ಮಂದಿ ಬದುಕಿದರು. ಅದಕ್ಕೂ ಏಳು ತಿಂಗಳ ಹಿಂದೆ ಮ್ಯಾಡ್ರಿಡ್‌ನಲ್ಲಿ ಅಂಥ ಅದೃಷ್ಟ ಇರಲಿಲ್ಲ. 2008ರ ಆಗಸ್ಟ್ 20ರಂದು ಸ್ಪ್ಯಾನೇರ್ ವಿಮಾನವೊಂದು ಹೊರಡಲು ಹೋಗಿ, ಒಂದು ಸಣ್ಣ ದೋಷಕ್ಕಾಗಿ ವಾಪಸು ಬಂದು, ರಿಪೇರಿ ಮುಗಿಸಿ ಮತ್ತೆ ಹೊರಟಿತು. ತಡವಾಗಿತ್ತು, ಎಲ್ಲರಿಗೂ ಅವಸರ. ಆ ಎರಡನೆಯ ಸಲ ರೆಕ್ಕೆಯ ಫ್ಲಾಪ್‌ಗಳನ್ನು ಚಾಚುವುದೇ ಮರೆಯಿತು. ಮರೆತರೆ ಕೂಗಬೇಕಾದ ಎಚ್ಚರಿಕೆಯ ಗಂಟೆಯೂ ಕೂಗಲಿಲ್ಲ. ಸತ್ತವರು 154 ಮಂದಿ.

ಇವೆಲ್ಲ ಒಂದು ವಿಮಾನದ ಒಳಗಿನ ತಪ್ಪುಗಳು. ಹೊರಡುವ ವಿಧಾನ ಎರಡು ವಿಮಾನಗಳ ನಡುವಿನ ಒಪ್ಪಂದವೂ ಹೌದು, ಅದನ್ನು ಒಬ್ಬರು ಪಾಲಿಸಿದರೆ ಸಾಲದು. ಭಾರತ ಇದನ್ನು ಕಲಿತದ್ದು 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ.

ದಿಲ್ಲಿಯಿಂದ ಸೌದಿ ಅರೇಬಿಯಾದ ಬೋಯಿಂಗ್ 747 ಆಗಷ್ಟೇ ಹೊರಟಿತ್ತು. ಅದಕ್ಕೆ 14,000 ಅಡಿಯವರೆಗೆ ಏರಿ ಅಲ್ಲೇ ನಿಲ್ಲಲು ಹೇಳಿದ್ದರು. ಎದುರಿನಿಂದ ಕಜಕಸ್ತಾನದ ಇಲ್ಯೂಷಿನ್-76 ದಿಲ್ಲಿಗೆ ಇಳಿಯುತ್ತಿತ್ತು. ಅದಕ್ಕೆ 15,000 ಅಡಿಗೆ ಇಳಿದು ನಿಲ್ಲಲು ಹೇಳಿದ್ದರು. ಆ ಕಾಲಕ್ಕೆ ದಿಲ್ಲಿಗೆ ಬರುವವರಿಗೂ ಹೋಗುವವರಿಗೂ ಒಂದೇ ವಾಯುಮಾರ್ಗ. ನಿಯಂತ್ರಕರ ಮುಂದಿದ್ದ ರೇಡಾರ್ ವಿಮಾನ ಎಲ್ಲಿದೆ ಎಂಬುದನ್ನು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂಬುದನ್ನಲ್ಲ. ಎತ್ತರಕ್ಕೆ ಪೈಲಟ್ ಹೇಳಿದ ಮಾತೇ ಪ್ರಮಾಣ. ಎದುರುಗಡೆ ವಿಮಾನ ಬರುತ್ತಿದೆ, ನೋಡಿಕೊಳ್ಳಿ ಎಂದು ನಿಯಂತ್ರಕರು ಕಜಕ್ ವಿಮಾನಕ್ಕೆ ಎಚ್ಚರಿಸಿದ್ದರು ಕೂಡ.

ಕಜಕ್ ವಿಮಾನದಲ್ಲಿ ನಿಯಂತ್ರಣ ಕೇಂದ್ರದೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ರೇಡಿಯೊ ಆಪರೇಟರ್. ಅವರ ಆಸನದ ಮುಂದೆ ಎತ್ತರ ತೋರಿಸುವ ಮಾಪಕವೇ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ಹೇಳಿದ್ದು ಒಬ್ಬರ ಕಿವಿಗೆ ಬಿದ್ದು, ವಿಮಾನ ಇನ್ನೊಬ್ಬರ ಕೈಯಲ್ಲಿತ್ತು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ವಿಮಾನ ಇನ್ನೂ ಕೆಳಗೆ ಇಳಿಯಿತು. ಸೌದಿ ವಿಮಾನ ತನಗೆ ಹೇಳಿದ ಎತ್ತರದಲ್ಲೇ ಇತ್ತು. ಎರಡರಲ್ಲೂ ಇದ್ದ 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇಂದಿಗೂ ಜಗತ್ತಿನಲ್ಲಿ ಆಕಾಶದಲ್ಲೇ ಎರಡು ವಿಮಾನ ಡಿಕ್ಕಿಯಾದ ದುರಂತಗಳಲ್ಲಿ ಅತಿ ಹೆಚ್ಚು ಜನ ಸತ್ತದ್ದು ಇದರಲ್ಲೇ. ಹೊಟ್ಟೆಪಾಡಿಗೆಂದು ಕೊಲ್ಲಿ ದೇಶಕ್ಕೆ ಹೊರಟಿದ್ದ ಭಾರತೀಯರು ಸೌದಿ ವಿಮಾನದಲ್ಲಿ ತುಂಬಿದ್ದರು.

ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ಆಯೋಗ ಇದರ ತನಿಖೆ ನಡೆಸಿತು. ಆ ದುರಂತದ ನಂತರ ದಿಲ್ಲಿಯಲ್ಲಿ ಬರುವ ಹೋಗುವ ದಾರಿಗಳು ಬೇರೆಯಾದವು, ಎತ್ತರವನ್ನೂ ತೋರಿಸುವ ರೇಡಾರ್ ಬಂತು, ಎದುರಿನ ವಿಮಾನ ಹತ್ತಿರವಾದರೆ ಕಾಕ್‌ಪಿಟ್‌ನಲ್ಲೇ ‘ಏರು’, ‘ಇಳಿ’ ಎಂದು ಕೂಗುವ ಉಪಕರಣ ಭಾರತದ ಆಕಾಶದಲ್ಲಿ ಹಾರುವ ವಿಮಾನಗಳಿಗೆ ಕಡ್ಡಾಯವಾಯಿತು. ಇಂದು ನಮ್ಮ ತಲೆಯ ಮೇಲೆ ಹಾದುಹೋಗುವ ಪ್ರತಿ ಪ್ರಯಾಣಿಕ ವಿಮಾನದಲ್ಲೂ ಆ ಉಪಕರಣವಿದೆ. ಅದಕ್ಕೆ ಬೆಲೆ ತೆತ್ತವರು ಚರ್ಖಿ ದಾದ್ರಿಯಲ್ಲಿ ಸತ್ತವರು. ಆದರೆ ನೆಲಕ್ಕೆ ತೀರಾ ಹತ್ತಿರವಿರುವಾಗ ಅದರ ಕೆಲವು ಆದೇಶಗಳು ಕೆಲಸ ಮಾಡದಂತೆ ತಡೆದಿಟ್ಟಿರುತ್ತಾರೆ. ‘ಇಳಿ’ ಎಂದು ಅದು ಕೂಗಿ ವಿಮಾನ ನೆಲಕ್ಕೇ ಇಳಿದುಬಿಟ್ಟರೆ? ಹಾಗಾಗಿ ಹೊರಟ ಮೊದಲ ಗಳಿಗೆಯಲ್ಲಿ ಯಂತ್ರದ ಕಾವಲು ತುಸು ಸಡಿಲ, ಮನುಷ್ಯರ ಎಚ್ಚರವೇ ಮುಖ್ಯ.

ಆ ಎಚ್ಚರ ಕೆಲಸ ಮಾಡಬೇಕಾದರೆ ಕಿರಿಯರು ಬಾಯಿ ಬಿಡಬೇಕು, ಹಿರಿಯರು ಕಿವಿ ಕೊಡಬೇಕು. ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ 1977ರ ಮಾರ್ಚ್ 27ರಂದು ಮಂಜಿನ ನಡುವೆ ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಅನುಮತಿ ಸಿಗುವ ಮೊದಲೇ ಟೇಕಾಫ್ ಶುರು ಮಾಡಿದರು. ಪ್ಯಾನ್ ಆಮ್ ವಿಮಾನ ಅದೇ ರನ್‌ವೇ ಮೇಲಿತ್ತು. ಅದು ರನ್‌ವೇ ಬಿಟ್ಟಿದೆಯೋ ಇಲ್ಲವೋ ಎಂದು ಹಿಂದೆ ಕೂತ ಫ್ಲೈಟ್ ಎಂಜಿನಿಯರ್ ಅನುಮಾನ ವ್ಯಕ್ತಪಡಿಸಿದರು. ಸಂಸ್ಥೆಯ ಅತಿ ಹಿರಿಯ ಪೈಲಟ್‌ಗಳಲ್ಲಿ ಒಬ್ಬರಾಗಿದ್ದ ಕ್ಯಾಪ್ಟನ್ ಬಿಟ್ಟಿದೆ ಎಂದು ಒತ್ತಿ ಹೇಳಿದರು. ಎಂಜಿನಿಯರ್ ಸುಮ್ಮನಾದರು. ಸತ್ತವರು 583. ಅಂದಿನಿಂದ ಈಚೆಗೆ ರೇಡಿಯೊದಲ್ಲಿ ‘ಟೇಕಾಫ್’ ಎಂಬ ಪದವನ್ನು ನಿಜವಾದ ಅನುಮತಿ ಕೊಡುವಾಗ ಅಥವಾ ಅದನ್ನು ಹಿಂಪಡೆಯುವಾಗ ಮಾತ್ರ ನಿಯಂತ್ರಕರು ಬಳಸುತ್ತಾರೆ. ಕಾಕ್‌ಪಿಟ್‌ನಲ್ಲಿ ಒಬ್ಬರಿಗೊಬ್ಬರು ಹೇಗೆ ಮಾತಾಡಬೇಕು ಎಂಬುದೇ ಪೈಲಟ್‌ಗಳಿಗೆ ಒಂದು ಪಾಠವಾಗಿ ಬೆಳೆಯಿತು.

ಪಾಠ ಪುಸ್ತಕದಲ್ಲಿತ್ತು. ಆದರೂ 2010ರ ಮೇ 22ರ ಬೆಳಿಗ್ಗೆ ಮಂಗಳೂರಿನಲ್ಲಿ ನಡೆದದ್ದು ಕನ್ನಡಿಗರು ಮರೆಯುವಂಥದ್ದಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಕರಾವಳಿಯವರು, ಕಾಸರಗೋಡಿನವರು ಇದ್ದರು. ಅದು ಇಳಿಯುವಾಗಿನ ದುರಂತ, ಹೊರಡುವಾಗಿನದಲ್ಲ. ಆದರೆ ಅದರ ಧ್ವನಿಮುದ್ರಿಕೆ ಹೇಳುವ ಕಥೆ ಟೆನೆರಿಫ್‌ನದ್ದೇ. ಕ್ಯಾಪ್ಟನ್ ಪಯಣದ ಬಹುಹೊತ್ತು ನಿದ್ದೆಯಲ್ಲಿದ್ದರು. ಎಚ್ಚರಾದ ಮೇಲೆ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಸಬೇಡಿ, ಮತ್ತೆ ಮೇಲಕ್ಕೆ ಹೋಗಿ ಸುತ್ತು ಬರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. ಸಹಪೈಲಟ್ ತಾವೇ ನಿಯಂತ್ರಣ ತೆಗೆದುಕೊಳ್ಳಲೂ ಇಲ್ಲ. ಕೆಂಜಾರಿನ ಕಮರಿಗೆ ಉರುಳಿದ ವಿಮಾನದಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ದೊಡ್ಡವರೆದುರು ಎದುರು ಮಾತಾಡಬಾರದು ಎಂದು ಮಕ್ಕಳನ್ನು ಬೆಳೆಸುವ ನಮ್ಮ ಮನೆಗಳಿಂದಲೇ ಪೈಲಟ್‌ಗಳೂ ನಿಯಂತ್ರಕರೂ ಬರುತ್ತಾರೆ. ಆ ಅಭ್ಯಾಸವನ್ನು ತರಬೇತಿಯ ಕೋಣೆಯಲ್ಲಿ ಹಟ ಹಿಡಿದು ಬಿಡಿಸಬೇಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಬೆಂಗಳೂರಿನ ಪ್ರಸಂಗಕ್ಕೆ ಬರೋಣ. ಅಲ್ಲಿ ಪೈಲಟ್‌ಗಳು ಪಡೆದ ಅನುಮತಿ ಅವರವರ ಟವರ್ ಕೊಟ್ಟದ್ದೇ. ತಪ್ಪಿದ್ದು ನೆಲದ ಮೇಲಿನ ಒಬ್ಬರು ಇನ್ನೊಬ್ಬರಿಗೆ ಹೇಳಬೇಕಿದ್ದ ಒಂದು ಮಾತು. ಅಂಥ ಮರೆವು ಯಾವ ದೇಶದಲ್ಲೂ, ಯಾವ ಪಾಳಿಯಲ್ಲೂ ಆಗಬಹುದು. ಅದನ್ನು ಕ್ಷಮಿಸಬಹುದು ಎಂದೇ ನಾನು ಭಾವಿಸುತ್ತೇನೆ. ಬರೆದಿಡದೇ ಹೋದದ್ದನ್ನು ಕ್ಷಮಿಸಲಾರೆ. ರೇಡಾರ್ ಮುಂದಿದ್ದ ಒಬ್ಬರ ಎಚ್ಚರದಿಂದ 426 ಜೀವ ಉಳಿದಾಗ, ಆ ಎಚ್ಚರ ಯಾಕೆ ಬೇಕಾಯಿತು ಎಂಬುದು ಅಂದೇ ಸಂಜೆ ಕಾಗದದ ಮೇಲೆ ಇರಬೇಕಿತ್ತು. ಮರುದಿನ ಬೆಳಿಗ್ಗೆ ಅದೇ ಕುರ್ಚಿಗಳಲ್ಲಿ ಬೇರೆಯವರು ಕೂತರು. ರನ್‌ವೇ ಬದಲಿಸುವ ತೀರ್ಮಾನ ಎರಡೂ ಟವರ್‌ಗಳಿಗೆ ಮುಟ್ಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕೆಂಬ ಎಚ್ಚರಿಕೆ ಅವರಿಗೆ ಹೇಗೆ ಸಿಗಬೇಕು?

ಮುಚ್ಚಿಡುವವರು ಕೆಟ್ಟವರೆಂದು ಮುಚ್ಚಿಡುವುದಿಲ್ಲ. ಹೆದರಿಕೆಯಿಂದ ಮುಚ್ಚಿಡುತ್ತಾರೆ. ಬರೆದರೆ ಲೈಸೆನ್ಸು ಹೋಗುತ್ತದೆ, ಬಡ್ತಿ ನಿಲ್ಲುತ್ತದೆ, ಪತ್ರಿಕೆಯಲ್ಲಿ ಹೆಸರು ಬರುತ್ತದೆ. ಈ ಹೆದರಿಕೆ ಕಳೆಯಲು ಹಲವು ದೇಶಗಳು ಒಂದು ಕಟ್ಟುಪಾಡು ಮಾಡಿಕೊಂಡಿವೆ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳೂ ನಿಯಂತ್ರಕರೂ ತಮ್ಮ ತಪ್ಪುಗಳನ್ನು ಬಾಹ್ಯಾಕಾಶ ಸಂಸ್ಥೆ ನಾಸಾಕ್ಕೆ ಬರೆದು ಕಳಿಸುತ್ತಾರೆ. ದಂಡ ಹಾಕುವ ಅಧಿಕಾರ ನಾಸಾಕ್ಕಿಲ್ಲ. ಹೆಸರು ಅಳಿಸಿ ವರದಿಯನ್ನು ಎಲ್ಲರಿಗೂ ತೆರೆದಿಡುತ್ತಾರೆ. ಬೇಕೆಂದೇ ಮಾಡಿದ ತಪ್ಪಿಗೆ, ಅಪರಾಧಕ್ಕೆ ಈ ರಕ್ಷಣೆ ಸಿಗದು. ಯಾವ ದಾರಿಯ ನಕ್ಷೆಯಲ್ಲಿ ಪೈಲಟ್‌ಗಳು ಮತ್ತೆ ಮತ್ತೆ ಎತ್ತರ ಮೀರುತ್ತಿದ್ದಾರೆ, ಯಾವ ಎರಡು ಬಿಂದುಗಳ ಹೆಸರು ಕಿವಿಗೆ ಒಂದೇ ರೀತಿ ಕೇಳುತ್ತದೆ ಎಂಬುದು ಇಂಥ ವರದಿಗಳ ರಾಶಿಯಿಂದಲೇ ಹೊರಬೀಳುವುದು. ಹತ್ತು ಜನ ಒಂದೇ ತಿರುವಿನಲ್ಲಿ ಎಡವಿದರೆಂದರೆ ತಿರುವನ್ನೇ ಸರಿಪಡಿಸಬೇಕು ಎಂದು ಆಗ ಗೊತ್ತಾಗುತ್ತದೆ.

ನಮ್ಮಲ್ಲೂ ಸ್ವಯಂಪ್ರೇರಿತ ವರದಿಯ ವ್ಯವಸ್ಥೆ ಇದೆ. ಡಿಜಿಸಿಎಯಿಂದ ಬೇರೆಯಾದ ವಿಮಾನ ಅಪಘಾತ ತನಿಖಾ ಬ್ಯೂರೊ 2012ರಿಂದ ಕೆಲಸ ಮಾಡುತ್ತಿದೆ. ತಪ್ಪು ಹೊರಿಸುವುದು ತನ್ನ ಉದ್ದೇಶವಲ್ಲ, ಇಂಥದ್ದು ಮತ್ತೆ ಆಗದಂತೆ ತಡೆಯುವುದೇ ಉದ್ದೇಶ ಎಂದು ಅದು ತನ್ನ ವರದಿಗಳ ಮೊದಲಲ್ಲೇ ಬರೆಯುತ್ತದೆ. ಆ ಮಾತನ್ನು ನಂಬುವ ವಾತಾವರಣ ಬೆಳೆಸುವುದು ನಮ್ಮ ಹೊಣೆಯೂ ಹೌದು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ನೆಲ ಬಿಟ್ಟ ಕ್ಷಣಗಳಲ್ಲೇ ಏರ್ ಇಂಡಿಯಾ ವಿಮಾನ ಬಿದ್ದು 260 ಮಂದಿ ಸತ್ತರು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಆದವು ಎಂದು ಪ್ರಾಥಮಿಕ ವರದಿ ಹೇಳಿತು. ಅವು ಯಾಕೆ ಹಾಗಾದವು ಎಂದು ಆ ವರದಿ ತೀರ್ಮಾನಿಸಲಿಲ್ಲ. ಆದರೆ ವರದಿ ಹೊರಬಿದ್ದ ದಿನವೇ ಟಿ.ವಿ. ಪರದೆಗಳಲ್ಲಿ, ಮೊಬೈಲ್‌ಗಳಲ್ಲಿ ತೀರ್ಪು ಬಂದುಬಿಟ್ಟಿತು. ಸತ್ತ ಪೈಲಟ್‌ಗಳ ಮನೆಯವರು ಅದನ್ನೆಲ್ಲ ಕೇಳಬೇಕಾಯಿತು. ಬದುಕಿರುವ ಪೈಲಟ್‌ಗಳೂ ನಿಯಂತ್ರಕರೂ ಅದನ್ನು ನೋಡಿದ್ದಾರೆ. ನಾಳೆ ತಮ್ಮಿಂದ ಸಣ್ಣದೊಂದು ತಪ್ಪಾದಾಗ ಬರೆಯಲೋ ಬೇಡವೋ ಎಂದು ಯೋಚಿಸುವಾಗ ಅವರಿಗೆ ಆ ದಿನ ನೆನಪಾಗದೆ ಇದ್ದೀತೇ?

ಈ ಮಾತನ್ನು ಮೈಸೂರು ಸೀಮೆಯ ಓದುಗರಿಗೆ ಹೇಳಲು ಕಾರಣವಿದೆ. ಮಂಡಕಳ್ಳಿಯ ರನ್‌ವೇ ಸದ್ಯ 1,740 ಮೀಟರ್ ಉದ್ದದ್ದು. ಹಾಗಾಗಿಯೇ ಅಲ್ಲಿಗೆ ಬರುವ ಪ್ರಯಾಣಿಕ ವಿಮಾನ ಎಂದರೆ ಪ್ರೊಪೆಲರ್ ಇರುವ ಎಟಿಆರ್. ಏರ್‌ಬಸ್, ಬೋಯಿಂಗ್ ಜೆಟ್‌ಗಳು ಬರಲೆಂದು ಅದನ್ನು 2,750 ಮೀಟರ್‌ಗೆ ಹಿಗ್ಗಿಸುವ ಯೋಜನೆ ಇದೆ. ನಂಜನಗೂಡಿನ ಹೆದ್ದಾರಿ, ರೈಲು ಮಾರ್ಗ ಪಕ್ಕದಲ್ಲೇ ಇರುವುದರಿಂದ ಅದು ವರ್ಷಗಳಿಂದ ಚರ್ಚೆಯಲ್ಲಿದೆ. ಅದೇ ರನ್‌ವೇಯಲ್ಲಿ ಪೈಲಟ್ ತರಬೇತಿ ಶಾಲೆಯ ಪುಟ್ಟ ವಿಮಾನಗಳೂ ಏರಿಳಿಯುತ್ತವೆ. ಮೊದಲ ಸಲ ಒಬ್ಬರೇ ಹಾರುವ ಹುಡುಗ ಹುಡುಗಿಯರು ಟವರ್‌ಗೆ ತಮ್ಮ ಸೂಚನೆಗಳನ್ನು ಒಪ್ಪಿಸಲು ಕಲಿಯುವುದು ಅಲ್ಲೇ. ನಾಳೆ ನಿಧಾನದ ತರಬೇತಿ ವಿಮಾನ, ಎಟಿಆರ್, ಅದರ ಹಿಂದೆ ಜೆಟ್, ಪಕ್ಕದಲ್ಲಿ ಚಾಮುಂಡಿ ಬೆಟ್ಟ ಎಂದಾದಾಗ ಹೊರಡುವ ದಾರಿಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಜನಪ್ರತಿನಿಧಿಗಳು ರನ್‌ವೇಯ ಉದ್ದದ ಬಗ್ಗೆ, ಯಾವ ಊರಿಗೆ ವಿಮಾನ ಬಿಡಬೇಕು ಎಂಬುದರ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ. ಅವರನ್ನು ಇನ್ನೂ ಕೆಲವು ಕೇಳಬೇಕು. ಜೆಟ್ ಬರುವ ಹೊತ್ತಿಗೆ ಟವರ್‌ನಲ್ಲಿ ಪಾಳಿಗೆ ಎಷ್ಟು ನಿಯಂತ್ರಕರು ಇರುತ್ತಾರೆ? ಪಾಳಿ ಬದಲಾಗುವಾಗ ಏನೇನು ಬದಲಾಗಿದೆ ಎಂಬುದನ್ನು ಬರೆದು ಒಪ್ಪಿಸುವ ಪದ್ಧತಿ ಹೇಗಿರುತ್ತದೆ? ತರಬೇತಿ ವಿಮಾನಗಳಿಗೆ ಯಾವ ಹೊತ್ತು, ಯಾವ ದಿಕ್ಕು? ತಪ್ಪಿಹೋದ ಅನಾಹುತಗಳ ವರದಿಯನ್ನು, ಹೆಸರು ಅಳಿಸಿಯಾದರೂ ಸರಿ, ಆ ವಿಮಾನಗಳ ಕೆಳಗೆ ಬದುಕುವ ಜನರ ಭಾಷೆಯಲ್ಲಿ ಪ್ರಕಟಿಸುತ್ತೀರಾ? ರನ್‌ವೇಗೆ ಭೂಮಿ ಬಿಟ್ಟುಕೊಡುವ ರೈತರಿಗೂ, ಅಲ್ಲಿಂದ ಟಿಕೆಟ್ ಕೊಂಡು ಹೊರಡಲಿರುವ ಹುಣಸೂರು, ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರದವರಿಗೂ ಈ ಪ್ರಶ್ನೆಗಳ ಉತ್ತರ ಕಾಮಗಾರಿ ಶುರುವಾಗುವ ಮೊದಲೇ ಸಿಗಬೇಕು.